ಮಗಳನ್ನೇ ಬಲಿಯೆಂದು ತಿಳಿದ ತಂದೆ

ಸಂಬಂಧಪಟ್ಟವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿ ಈ ಪ್ರಕರಣವನ್ನು ದಾಖಲಿಸುತ್ತಿದ್ದೇನೆ.

ಸಲಹೆಗೆಂದು ನನ್ನಲ್ಲಿಗೆ ಬಂದವರು ಕೇರಳದ ಕಾಸರಗೋಡು ಜಿಲ್ಲೆಯ ಎಣ್ಮಕಜೆ ಕಡೆಯ, ಅರುವತ್ತು ದಾಟಿದ ಅಡಿಕೆ ಕೃಷಿಕರು. ಮನೆಮಾತು ಕೊಂಕಣಿ, ಓದಿದ್ದು ಕನ್ನಡ ಶಾಲೆಯಲ್ಲಿ, ಭಾನುವಾರದ ಬಲಿಪೂಜೆ ತಪ್ಪಿಸದ ಕ್ಯಾಥೊಲಿಕರು. ಈಸ್ಟರಿಗೆ ಮುಂಚಿನ ವ್ರತದ ದಿನಗಳಾದ ತಪಸ್ಸುಕಾಲ ಆರಂಭವಾದ ದಿನದಿಂದ ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ನಿಲ್ಲಿಸಿ, ಒಪ್ಪೊತ್ತು ಮಾತ್ರ ಉಣ್ಣುತ್ತಿದ್ದ ಅವರು ತೋಟದಲ್ಲಿ ತಲೆಸುತ್ತಿ ಬಿದ್ದ ಮೇಲೆ, ಹೆಂಡತಿ ಒತ್ತಾಯದಿಂದ ಕರೆತಂದಿದ್ದರು. ಉಪವಾಸಕ್ಕೆ ಕಾರಣ ಭಕ್ತಿಯೆಂದೇ ಆಕೆ ತಿಳಿದಿದ್ದರು.

ಒಬ್ಬರೇ ಕುಳಿತಾಗ ಬೇರೆಯದೇ ಸಂಗತಿ ಹೊರಬಂತು. ತಂದೆ ತೀರಿಕೊಂಡ ಮೇಲೆ, 1990ರ ದಶಕದ ಆರಂಭದಲ್ಲಿ, ಬ್ಯಾಂಕ್ ಸಾಲದ ಕಾಗದವೆಂದು ನಂಬಿಸಿ ಇವರು ತಮ್ಮ ಅಕ್ಕನಿಂದ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಂಡಿದ್ದರು. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಂತೆ ಕ್ರೈಸ್ತ ಮನೆಯ ಹೆಣ್ಣುಮಕ್ಕಳಿಗೆ ತಂದೆಯ ಆಸ್ತಿಯಲ್ಲಿ ಗಂಡುಮಕ್ಕಳಷ್ಟೇ ಪಾಲು ಎಂಬುದು ಆಗಲೇ ಅವರಿಗೆ ಗೊತ್ತಿತ್ತು. ಮರುವರ್ಷ ಮಗಳು ಹುಟ್ಟಿದಳು. ಅವಳಿಗೆ ಮಾತು ಬರಲಿಲ್ಲ, ಬುದ್ಧಿ ಬೆಳೆಯಲಿಲ್ಲ. "ರಕ್ತ ಸುರಿಸದೆ ಕ್ಷಮೆ ಇಲ್ಲ ಅಂತ ಬೈಬಲಿನಲ್ಲೇ ಉಂಟಲ್ಲ ಟೀಚರ್? ನನ್ನ ಪಾಪಕ್ಕೆ ದೇವರು ಮಗಳನ್ನು ತಕ್ಕೊಂಡರು. ಇನ್ನಾದರೂ ನಾನೇ ಕೊಡುವಾ ಅಂತ," ಎಂದರು.

ಈ ನಂಬಿಕೆಯ ಬೆಲೆಯನ್ನು ತೆತ್ತವಳು ಮಗಳು. ಎಣ್ಮಕಜೆಯೂ ಸೇರಿದಂತೆ ಜಿಲ್ಲೆಯ ಹಲವು ಗ್ರಾಮಗಳ ಗೇರು ತೋಟಗಳ ಮೇಲೆ 2000ದವರೆಗೂ ವರ್ಷಾನುಗಟ್ಟಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ವಿಷಕಾರಿ ಕೀಟನಾಶಕವನ್ನು ಸಿಂಪಡಿಸಲಾಗಿತ್ತು. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ದೇಶದಲ್ಲೆಲ್ಲ ತಡೆಯಿತು; 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಕೇರಳ ಸರ್ಕಾರಕ್ಕೆ ಆದೇಶಿಸಿತು. ನೆರೆಕರೆಯವರು ಮಕ್ಕಳನ್ನು ವೈದ್ಯಕೀಯ ಶಿಬಿರಗಳಿಗೆ ಕರೆದೊಯ್ಯುತ್ತಿದ್ದಾಗ ಇವರು ಮಾತ್ರ ಹೋಗಲಿಲ್ಲ. ಅಪರಾಧಿ ತಾನೇ ಎಂದು ತೀರ್ಮಾನಿಸಿಬಿಟ್ಟಿದ್ದವರಿಗೆ, ಬೇರೆ ಕಾರಣ ಹುಡುಕುವುದು ದೇವರಿಗೆ ಸುಳ್ಳು ಹೇಳಿದಂತೆ ತೋರಿತ್ತು. ಮಗಳ ಸ್ಥಿತಿಗೆ ಆ ವಿಷವೇ ಕಾರಣವೆಂದು ಹೇಳುವ ಅಧಿಕಾರ ನನಗಿಲ್ಲ; ಅದನ್ನು ವೈದ್ಯರು ಪರೀಕ್ಷಿಸಿ ಹೇಳಬೇಕು. ಆದರೆ ಆ ಪರೀಕ್ಷೆಯೇ ನಡೆಯದಂತೆ ತಂದೆಯ ಪಾಪಪ್ರಜ್ಞೆ ಅಡ್ಡ ನಿಂತಿತ್ತು ಎಂಬುದು ಸ್ಪಷ್ಟವಾಗಿತ್ತು.

ಅವರ ವಿಶ್ವಾಸವನ್ನು ಪಕ್ಕಕ್ಕಿಟ್ಟು ಮಾತನಾಡಿದ್ದರೆ ಅವರು ಮತ್ತೆ ಬರುತ್ತಿರಲಿಲ್ಲ. ಆದ್ದರಿಂದ ಅವರೇ ಎತ್ತಿದ ಮಾತಿನಿಂದ ಆರಂಭಿಸಿದೆವು. ರಕ್ತದ ಆ ವಾಕ್ಯ ಇರುವುದು ಬೈಬಲಿನ ಇಬ್ರಿಯರಿಗೆ ಬರೆದ ಪತ್ರದ 9ನೆಯ ಅಧ್ಯಾಯದಲ್ಲಿ. ಅದರ ಮುಂದಿನ ಅಧ್ಯಾಯವನ್ನು ಅವರಿಂದಲೇ ಗಟ್ಟಿಯಾಗಿ ಓದಿಸಿದೆ. ಹೋರಿ ಹೋತಗಳ ರಕ್ತ ಪಾಪವನ್ನು ತೆಗೆಯಲಾರದು, ಕ್ರಿಸ್ತನು ತನ್ನ ದೇಹವನ್ನು ಒಂದೇ ಸಾರಿ ಎಲ್ಲ ಕಾಲಕ್ಕೂ ಅರ್ಪಿಸಿದನು, ಕ್ಷಮೆ ದೊರೆತಲ್ಲಿ ಪಾಪಕ್ಕಾಗಿ ಇನ್ನು ಬಲಿಯಿಲ್ಲ ಎಂಬುದು ಅಲ್ಲಿಯ ವಾದ. ಶಿಲುಬೆಯ ಬಲಿ ಸಾಲದೆ ಬಂದು, ದೇವರು ಎಣ್ಮಕಜೆ ಕಡೆಯ ಒಂದು ಮನೆಯ ಹೆಣ್ಣುಮಗುವನ್ನು ಕೇಳಿದರು ಎನ್ನುವುದಾದರೆ, ಪ್ರತಿ ಭಾನುವಾರ ಪೀಠದ ಮುಂದೆ ನೀವು ಒಪ್ಪಿಕೊಳ್ಳುವುದು ಏನನ್ನು ಎಂದು ಕೇಳಿದೆ. ಅವರು ಉತ್ತರಿಸದೆ, ದೇವರ ಮಾತಿನಂತೆ ಮಗನನ್ನೇ ಬಲಿಕೊಡಲು ಹೊರಟ ಅಬ್ರಹಾಮನ ಕಥೆಯನ್ನು ನೆನಪಿಸಿದರು. ಆ ಕಥೆಯಲ್ಲಿ ದೇವದೂತನು ಕತ್ತಿ ಹಿಡಿದ ಕೈಯನ್ನು ತಡೆಯುತ್ತಾನೆ, ಬಲಿಯಾಗುವುದು ಟಗರು. ಹುಟ್ಟುಕುರುಡನನ್ನು ಕಂಡು ಇದು ಯಾರ ಪಾಪ, ಇವನದೋ ತಂದೆತಾಯಿಗಳದೋ ಎಂದು ಶಿಷ್ಯರು ಕೇಳಿದಾಗ, ಇಬ್ಬರದೂ ಅಲ್ಲ ಎಂದು ಯೇಸು ಹೇಳಿದ ಮಾತು ಯೋಹಾನನ ಶುಭಸಂದೇಶದ 9ನೆಯ ಅಧ್ಯಾಯದಲ್ಲಿದೆ. ಅದನ್ನು ಓದುವಾಗ ಅವರ ಧ್ವನಿ ನಡುಗಿತು.

ಕೆಲವು ಪ್ರವಚನಗಳಲ್ಲಿ ಪಿತದೇವರನ್ನು ವಸೂಲಿಗೆ ನಿಂತ ಸಾಹುಕಾರನಂತೆ ಚಿತ್ರಿಸಿಬಿಡುತ್ತಾರೆ. ಇಂಥ ಮನಸ್ಸುಗಳಿಗೆ ಅದು ವಿಷವಾಗುತ್ತದೆ ಎಂಬುದು ನನ್ನ ಅಭಿಪ್ರಾಯ. 11ನೆಯ ಶತಮಾನದ ಕೊನೆಯಲ್ಲಿ ದೇವಶಾಸ್ತ್ರಜ್ಞರಾದ ಸಂತ ಆನ್ಸೆಲ್ಮರು ಪಾಪವನ್ನು ದೇವರಿಗೆ ಸಲ್ಲದೆ ಉಳಿದ ಗೌರವದ ಋಣವೆಂದು ವಿವರಿಸಿದರು. ಅವರ ನಂತರದ ಅಬೆಲಾರ್ಡರು ಶಿಲುಬೆಯಲ್ಲಿ ಕಂಡ ಪ್ರೀತಿಯೇ ಮನುಷ್ಯನನ್ನು ತಿರುಗಿಸುತ್ತದೆ ಎಂದರು. ಇವರಿಬ್ಬರಿಗಿಂತ ಹಿಂದಿನ ಸಭಾಪಿತರಲ್ಲಿ, ಅಂದರೆ ಕ್ರೈಸ್ತಸಭೆಯ ಆದಿಕಾಲದ ಬೋಧಕರಲ್ಲಿ, ಅನೇಕರು ಶಿಲುಬೆಯನ್ನು ಮರಣದ ಮೇಲಿನ ಜಯವೆಂದು ಕಂಡಿದ್ದರು. ವಿವರಣೆಗಳು ಬೇರೆಯಾದರೂ, ಕ್ರಿಸ್ತನಲ್ಲಿ ದೇವರೇ ಲೋಕವನ್ನು ತನ್ನೊಡನೆ ಸಂಧಾನಗೊಳಿಸಿಕೊಂಡರು ಎಂಬ ಪ್ರೇಷಿತ ಪೌಲನ ಮಾತನ್ನು ಇವರಲ್ಲಿ ಯಾರೂ ಬಿಟ್ಟುಕೊಡಲಿಲ್ಲ. ಬಲಿಯನ್ನು ಕೊಟ್ಟವನೂ ದೇವರೇ. ಈ ಚರಿತ್ರೆಯನ್ನೆಲ್ಲ ಅವರ ಮುಂದೆ ಬಿಚ್ಚಲಿಲ್ಲ, ಕೊನೆಯ ಮಾತನ್ನಷ್ಟೇ ಹೇಳಿದೆ.

ಇದರಿಂದ ಹಗುರಾದವರು ಮುಂದಿನ ಭೇಟಿಯಲ್ಲಿ, "ಹಾಗಾದರೆ ಎಲ್ಲ ತೀರಿತಲ್ಲ, ಅಕ್ಕನಿಗೆ ಹೇಳುವುದು ಯಾಕೆ?" ಎಂದು ಕೇಳಿದರು. ಈ ಪ್ರಕರಣದ ನಿಜವಾದ ಗಂಟು ಇಲ್ಲಿತ್ತು. ಮೂವತ್ತು ವರ್ಷ ತಮ್ಮನ್ನು ದಂಡಿಸಿಕೊಂಡವರು ಅಕ್ಕನ ಪಾಲಿನ ಅಡಿಕೆಯನ್ನು ಮಾತ್ರ ಪ್ರತಿವರ್ಷ ಮಾರುತ್ತಲೇ ಬಂದಿದ್ದರು. ಚರ್ಚಿನಲ್ಲಿ ಗುರುಗಳೆದುರು ಮಾಡುವ ಪಾಪನಿವೇದನೆಯಲ್ಲಿಯೂ "ಮನೆಯವರೊಡನೆ ಮನಸ್ತಾಪ" ಎಂದಷ್ಟೇ ಹೇಳಿ ಎದ್ದು ಬರುತ್ತಿದ್ದರು. ಉಪವಾಸ ಅವರಿಗೆ ಆ ಭೇಟಿಗಿಂತ ಸುಲಭವಾಗಿತ್ತು. ಬೈಬಲಿನ ಯಾಜಕಕಾಂಡದ 6ನೆಯ ಅಧ್ಯಾಯದ ಆರಂಭದಲ್ಲಿ, ನೆರೆಯವನನ್ನು ವಂಚಿಸಿದವನು ಮೂಲವನ್ನೂ ಅದರ ಐದನೆಯ ಒಂದು ಭಾಗವನ್ನೂ ಸೇರಿಸಿ ಹಿಂತಿರುಗಿಸಬೇಕು, ಜೊತೆಗೆ ಬಲಿಯನ್ನೂ ತರಬೇಕು ಎಂದಿದೆ. ಒಂದು ಇನ್ನೊಂದರ ಬದಲಿಯಲ್ಲ. ಸಹೋದರನಿಗೆ ನಿನ್ನ ಮೇಲೆ ದೂರಿದ್ದರೆ ಕಾಣಿಕೆಯನ್ನು ಪೀಠದ ಮುಂದೆಯೇ ಬಿಟ್ಟು ಮೊದಲು ಹೋಗು ಎಂದು ಯೇಸು ಹೇಳುತ್ತಾರೆ. 1992ರ ಕ್ಯಾಥೊಲಿಕ್ ಧರ್ಮೋಪದೇಶ ಗ್ರಂಥದ 1459ನೆಯ ಪರಿಚ್ಛೇದವೂ, ನಿವೇದನೆಯ ಬಳಿಕ ಗುರುಗಳು ನೀಡುವ ಪಾಪವಿಮೋಚನೆ ಪಾಪವನ್ನು ತೆಗೆದರೂ ಅದರಿಂದಾದ ಹಾನಿಯನ್ನೆಲ್ಲ ಸರಿಪಡಿಸುವುದಿಲ್ಲ, ಕದ್ದದ್ದನ್ನು ಹಿಂತಿರುಗಿಸಬೇಕು ಎನ್ನುತ್ತದೆ. ದೇವರಿಗೆ ಸಲ್ಲಬೇಕಾದ್ದನ್ನು ಕ್ರಿಸ್ತ ಸಲ್ಲಿಸಿದ್ದಾರೆ, ಅಕ್ಕನಿಗೆ ಸಲ್ಲಬೇಕಾದ್ದು ನಿಮ್ಮ ಹೆಸರಿನಲ್ಲಿಯೇ ಉಳಿದಿದೆ ಎಂದೆ.

ಕೊಟ್ಟ ಸಲಹೆ ಹೀಗಿತ್ತು. ಮೊದಲು ವೈದ್ಯರನ್ನು ಕಂಡು ಮಾತ್ರೆ ಮುಂದುವರಿಸಬೇಕು. ರೋಗಿಗಳಿಗೆ ಸಭೆಯ ಉಪವಾಸದ ನಿಯಮ ಅನ್ವಯಿಸುವುದಿಲ್ಲ ಎಂಬುದನ್ನು ತಮ್ಮ ಚರ್ಚಿನ ಗುರುಗಳಾದ ವಿಗಾರರ ಬಾಯಿಂದಲೇ ಕೇಳಬೇಕು, ಮತ್ತು ಈ ಬಾರಿ ನಡೆದದ್ದನ್ನು ನಡೆದಂತೆಯೇ ನಿವೇದಿಸಬೇಕು. ಮಗಳನ್ನು ಪರೀಕ್ಷೆಗೆ ಕರೆದೊಯ್ದು, ಅಂಗವಿಕಲತೆಯ ಪ್ರಮಾಣಪತ್ರ ಮಾಡಿಸಿ, ಸಂತ್ರಸ್ತರ ಪಟ್ಟಿಯ ಬಗ್ಗೆ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಬೇಕು. ಜಾಗದ ವಿಷಯದಲ್ಲಿ ವಕೀಲರನ್ನು ಕಂಡು, ಹೆಂಡತಿಗೂ ತಿಳಿಸಿ, ಕೊಡಬಲ್ಲದ್ದನ್ನು ಲೆಕ್ಕ ಹಾಕಿದ ಮೇಲೆಯೇ ಅಕ್ಕನಲ್ಲಿಗೆ ಹೋಗಬೇಕು. ಐದನೆಯ ಒಂದು ಭಾಗ ಸೇರಿಸಿದರೆ ಸಾಕೇ ಎಂದು ಕೇಳಿದರು. ಮೋಶೆಯ ಕಾಲದ ಆ ಅಳತೆ ಇಂದು ನಿಮ್ಮನ್ನು ಕಟ್ಟಿಹಾಕುವುದಿಲ್ಲ, ಆದರೆ ಇಷ್ಟು ವರ್ಷಗಳ ಫಸಲು ಅಕ್ಕನ ಕಣ್ಣೆದುರಿಗೇ ಇದೆ ಎಂದೆ.

ಅಕ್ಕನೆದುರು ಮಗಳ ಕಥೆ ತೆಗೆದು ಅಳಬಾರದು ಎಂಬುದನ್ನು ಹೆಚ್ಚು ಒತ್ತಿ ಹೇಳಿದೆ. ಹಾಗೆ ಅತ್ತರೆ, ಕ್ಷಮಿಸದಿದ್ದರೆ ತಾನೇ ಕ್ರೂರಿ ಎಂಬ ಇಕ್ಕಟ್ಟಿಗೆ ಆಕೆ ಸಿಲುಕುತ್ತಾರೆ. ಎಪ್ಪತ್ತೇಳು ಸಲ ಕ್ಷಮಿಸು ಎಂಬ ಮಾತು ಯೇಸು ತಮ್ಮ ಶಿಷ್ಯ ಪೇತ್ರನಿಗೆ ಹೇಳಿದ್ದು. ಅದನ್ನು ತಪ್ಪು ಮಾಡಿದವನು ನೊಂದವರ ಮುಂದೆ ಹಿಡಿಯುವುದು ಸಲ್ಲದು.

ಅವರು ಹೆಂಡತಿಯೊಡನೆ ಮಂಗಳೂರಿಗೆ, ಅಕ್ಕನಲ್ಲಿಗೆ ಹೋಗಿ ಎಲ್ಲವನ್ನೂ ಹೇಳಿದರು. ಅದು ಸಾಲದ ಕಾಗದವಲ್ಲ ಎಂಬುದು ಮೊದಲ ವರ್ಷವೇ ತನಗೆ ತಿಳಿದಿತ್ತೆಂದು ಅಕ್ಕ ಹೇಳಿದರಂತೆ. ಜಾಗ ಬೇಡ, ಇಂದಿನ ಕ್ರಯದಲ್ಲಿ ಅರ್ಧ ಹಣವನ್ನು ಕಂತಿನಲ್ಲಿ ಕೊಡು, ಅದನ್ನು ಬರವಣಿಗೆಯಲ್ಲಿ ಮಾಡು ಎಂದಿದ್ದಾರೆ. ಕರಾರು ಆಗಿದೆ, ಮೊದಲ ಕಂತು ಸಂದಿದೆ. ಮಗಳಿಗೆ ಪ್ರಮಾಣಪತ್ರ ಸಿಕ್ಕಿದೆ, ಪಟ್ಟಿಯ ಅರ್ಜಿ ಇನ್ನೂ ತೀರ್ಮಾನವಾಗಿಲ್ಲ. ಅಕ್ಕ ತಮ್ಮನ ಮನೆಗೆ ಬಂದಿಲ್ಲ, ಕ್ಷಮೆಯ ಮಾತನ್ನೂ ಎತ್ತಿಲ್ಲ. ಕೇಳಲೇ ಎಂದು ಇವರು ಮತ್ತೆ ವಿಚಾರಿಸಿದಾಗ, ಕಂತುಗಳು ತಪ್ಪದಿರಲಿ, ಆ ಮಾತನ್ನು ಆಡುವ ಹೊತ್ತನ್ನು ಅವರೇ ಆರಿಸಲಿ ಎಂದು ಹೇಳಿ ಕಳುಹಿಸಿದ್ದೇನೆ.