ನೇಪಿಯರ್ ಹುಲ್ಲು: ಒಲೆಗೋ, ಹಸುವಿಗೋ?

ಪ್ರಶ್ನೆ: ಪಾಂಡವಪುರದ ಹತ್ತಿರ ನಮ್ಮದೊಂದು ಸಣ್ಣ ಆಲೆಮನೆ ಇದೆ. ನಾಲ್ಕು ಸೀಮೆಹಸು ಸಾಕಿದ್ದೇವೆ. ಮಳೆಗಾಲದಲ್ಲಿ ಕಬ್ಬಿನ ಸಿಪ್ಪೆ ಒಣಗದೆ ಒಲೆ ಬರೀ ಹೊಗೆ. ಒಂದು ಎಕರೆ ಸೂಪರ್ ನೇಪಿಯರ್ ಹಾಕಿ, ಒಣಗಿಸಿ ಉರಿಸಬಹುದಾ ಸಾರ್? ಗ್ಯಾಸ್ ಫ್ಯಾಕ್ಟರಿಗೆ ಹುಲ್ಲು ಕೊಳ್ಳುತ್ತೇವೆ ಅಂತ ಒಬ್ಬರು ಬಂದು, ನೆಡುವ ಕಡ್ಡಿ ಕೊಡಲು ಮುಂಗಡ ಕೇಳುತ್ತಿದ್ದಾರೆ. ಕೊಡೋಣವಾ?

ಉತ್ತರ: ಸಿಪ್ಪೆ ಒಣಗದ ಮಳೆಯಲ್ಲಿ ಹುಲ್ಲು ಒಣಗುತ್ತದಾ, ನೀವೇ ಹೇಳಿ. ಸಿಪ್ಪೆಯನ್ನಾದರೂ ಗಾಣ ಹಿಂಡಿರುತ್ತದೆ. ಹಸಿ ನೇಪಿಯರ್ ನೂರು ಕಿಲೋ ಕೊಯ್ದರೆ ಅದರಲ್ಲಿ ಸುಮಾರು 80 ಕಿಲೋ ನೀರೇ. ನಾಲೆ ನೀರು, ಗೊಬ್ಬರ ಚೆನ್ನಾಗಿದ್ದರೆ ಎಕರೆಗೆ ವರ್ಷಕ್ಕೆ 100 ಟನ್ ಬರುವುದು ಸುಳ್ಳಲ್ಲ. ಒಣಗಿದರೆ ಉಳಿಯುವುದು 20 ಟನ್.

ಇಂಗ್ಲೆಂಡಿನಲ್ಲಿ ಮಿಸ್ಕ್ಯಾಂಥಸ್ ಹುಲ್ಲು ಸುಟ್ಟು ಕರೆಂಟು ಮಾಡುತ್ತಾರೆ, ನಿಜ. ಅಲ್ಲಿನ ಚಳಿಗೆ ಅದು ನಿಂತಲ್ಲೇ ಒಣಗುತ್ತದೆ, ಸಾರವೆಲ್ಲ ಬೇರಿಗೆ ಇಳಿಯುತ್ತದೆ. ವರ್ಷಕ್ಕೆ ಒಂದೇ ಕೊಯ್ಲು. ನಮ್ಮ ನಾಲೆ ಬಯಲಿನ ನೇಪಿಯರ್ ವರ್ಷವಿಡೀ ಹಸಿರು, ಪೊಟ್ಯಾಶ್ ಜಾಸ್ತಿ. ಅದರ ಬೂದಿ ಬಿಸಿಗೆ ಕರಗಿ, ಗಟ್ಟಿ ಹೆಂಟೆಯಾಗಿ ಒಲೆಯೊಳಗೆ ಕಚ್ಚಿಕೊಳ್ಳುತ್ತದೆ. ಹುಲ್ಲಿಗೆ ಹಾಕುವ ದುಡ್ಡಿನಲ್ಲಿ ಒಂದು ತಗಡಿನ ಸೂರು ಹಾಕಿಸಿ. ಬೇಸಿಗೆಯ ಸಿಪ್ಪೆಯನ್ನು ಅದರಡಿ ಕೂಡಿಡಿ.

ಗ್ಯಾಸಿನ ಮಾತು ಬೇರೆ. ಅಲ್ಲಿ ಹುಲ್ಲು ಕೊಳೆಯಬೇಕು, ಹಾಗಾಗಿ ಹಸಿಯಾಗಿದ್ದರೇ ಒಳ್ಳೆಯದು. 2018ರಲ್ಲಿ ಇಂಥ ಗ್ಯಾಸ್ ತಯಾರಿಕೆಗೆ ಪ್ರೋತ್ಸಾಹ ಕೊಡುವ ಕೇಂದ್ರದ ‘ಸತತ್’ ಯೋಜನೆ ಬಂದ ಮೇಲೆ ಇಂಥ ಫ್ಯಾಕ್ಟರಿಗಳ ಸುದ್ದಿ ಹಳ್ಳಿಹಳ್ಳಿಗೂ ಬಂದಿದೆ. ಆದರೆ ಕಬ್ಬು ಕೊಳ್ಳುವವರು ನಿಮ್ಮ ಹತ್ತಿರ ಯಾವತ್ತಾದರೂ ಮುಂಗಡ ಕೇಳಿದ್ದಾರಾ? ಹುಲ್ಲು ಕೊಳ್ಳುವವರಿಗೆ ಯಾಕೆ ಕೊಡಬೇಕು? ಫ್ಯಾಕ್ಟರಿ ಎಲ್ಲಿದೆ, ಟ್ಯಾಂಕು ಎದ್ದಿದೆಯಾ ಅಂತ ಹೋಗಿ ನೋಡಿಬನ್ನಿ. ಕೊಯ್ಯುವ ಕೂಲಿ, ಟ್ರ್ಯಾಕ್ಟರ್ ಬಾಡಿಗೆ ಯಾರದ್ದು ಅಂತ ಕೇಳಿ. ದೂರವಾದರೆ ನೀವು ನೀರು ಸಾಗಿಸಿದ ಹಾಗೆಯೇ ಲೆಕ್ಕ. ಇನ್ನೊಂದು ಮಾತನ್ನು ಕರಾರಿನಲ್ಲೇ ಬರೆಸಿ: ಗ್ಯಾಸ್ ತೆಗೆದು ಉಳಿದ ಬಗ್ಗಡ ನಿಮ್ಮ ಹೊಲಕ್ಕೆ ವಾಪಸ್ ಬರಬೇಕು. ಪ್ರತಿ ಕೊಯ್ಲೂ ಸಾರಜನಕ, ಪೊಟ್ಯಾಶ್ ಹೊತ್ತುಕೊಂಡು ಹೋಗುತ್ತದೆ. ನಾಲ್ಕೈದು ವರ್ಷ ಬರೀ ಕೊಯ್ದು ಕಳಿಸಿದರೆ ಆ ಹೊಲದಲ್ಲಿ ಆಮೇಲೆ ಏನು ಹಾಕುತ್ತೀರಿ?

ನನ್ನನ್ನು ಕೇಳಿದರೆ, ಹುಲ್ಲು ಹಸುವಿಗೆ, ಸಗಣಿ ಗೋಬರ್ ಗ್ಯಾಸಿಗೆ. ಹಾಲಿನ ದುಡ್ಡೂ ಸಿಗುತ್ತದೆ, ಗ್ಯಾಸೂ ಸಿಗುತ್ತದೆ. ದಿನಕ್ಕೆ ಎರಡು ಘನ ಮೀಟರ್ ಗ್ಯಾಸ್ ಕೊಡುವ ಗುಂಡಿಗೆ ದಿನಾ 50 ಕಿಲೋ ಸಗಣಿ ಬೇಕು. ನಿಮ್ಮ ನಾಲ್ಕು ಹಸು ಸಾಕು, ಐದಾರು ಜನರ ಅಡುಗೆ ಆಗುತ್ತದೆ. ನಮ್ಮ ಮನೆಯ ಮುದ್ದೆ ಬೇಯುವುದೂ ಅದರಲ್ಲೇ. ಹುಲ್ಲನ್ನು ಮಾತ್ರ ಆ ಗುಂಡಿಗೆ ನೇರವಾಗಿ ಹಾಕಬೇಡಿ. ತೇಲಿ, ಮೇಲೆ ಕೆನೆ ಕಟ್ಟಿ ಗ್ಯಾಸ್ ನಿಲ್ಲುತ್ತದೆ. ನನ್ನ ಭಾವಮೈದ ಬುದ್ಧಿವಂತಿಕೆ ಮಾಡಿ ಹಾಕಿ, ಬಿದಿರು ಗಳ ಹಿಡಿದು ಕೆದಕುತ್ತಾ ನಿಂತಿದ್ದ.

ಎಕರೆ ಬೇಡ, ಹತ್ತು ಗುಂಟೆ ಹಾಕಿ. ಮೊದಲ ಕೊಯ್ಲು 70-75 ದಿನಕ್ಕೆ, ಆಮೇಲೆ 45 ದಿನಕ್ಕೊಮ್ಮೆ. ಕಡ್ಡಿಗೆ ದುಡ್ಡು ಯಾಕೆ? ನಿಮ್ಮೂರಲ್ಲೇ ಯಾರದಾದರೂ ಬದುವಿನಲ್ಲಿ ಇದ್ದೇ ಇರುತ್ತದೆ. ಎರಡು ಗಿಣ್ಣಿರುವ ತುಂಡು ಕೇಳಿ ತನ್ನಿ.