ಬಣ್ಣದ ವಿನೈಲ್ ತಗೊಳ್ಳಲಾ, ಕಪ್ಪೇ ಸಾಕಾ?

ಹಾಸನದಲ್ಲಿ ಕೂತು ಮೆಟಲ್, ಹಾರ್ಡ್‌ಕೋರ್ ಎಂಬ ಅಬ್ಬರದ ರಾಕ್ ಸಂಗೀತದ ವಿನೈಲ್ ರೆಕಾರ್ಡ್ ಸಂಗ್ರಹಿಸಲು ಹೊರಟಿದ್ದೀರಿ, ಬಣ್ಣದ್ದು ತಗೊಂಡರೆ ಶಬ್ದ ಕೆಡುತ್ತದೆ ಎಂದು ಯಾರೋ ಹೆದರಿಸಿದ್ದಾರೆ, ಅದು ನಿಜವಾ ಎಂದು ಕೇಳಿದ್ದೀರಿ. ಬಹುಪಾಲು ಸುಳ್ಳು. ಧೈರ್ಯವಾಗಿ ತಗೊಳ್ಳಿ. ಆದರೆ ಎಲ್ಲ ಬಣ್ಣವೂ ಒಂದೇ ಅಲ್ಲ. ಮತ್ತೆ ನಮ್ಮ ಕಡೆಯವರಿಗೆ ಬಣ್ಣಕ್ಕಿಂತ ದೊಡ್ಡ ತಲೆನೋವು ಬೇರೆ ಇದೆ, ಅದಕ್ಕೆ ಆಮೇಲೆ ಬರುತ್ತೇನೆ.

ನಾನು ಚಿಕ್ಕಮಗಳೂರಿನವನು. 2007ರ ಮಾರ್ಚ್‌ನಲ್ಲಿ ಐರನ್ ಮೇಡನ್ ಎಂಬ ಮೆಟಲ್ ಬ್ಯಾಂಡ್ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗ ಮನೆಯಲ್ಲಿ ಲ್ಯಾಬ್ ಪರೀಕ್ಷೆ ಎಂದು ಸುಳ್ಳು ಹೇಳಿ ಬಸ್ ಹತ್ತಿದವನು. ಹುಚ್ಚು ಹಿಡಿದದ್ದು ಅವತ್ತು, ರೆಕಾರ್ಡ್ ತಗೊಳ್ಳುವಷ್ಟು ದುಡ್ಡು ಕೈಗೆ ಬಂದದ್ದು ಎಷ್ಟೋ ವರ್ಷದ ಮೇಲೆ. ಈಗ 130 ಚಿಲ್ಲರೆ ಇವೆ, ಅರ್ಧಕ್ಕಿಂತ ಜಾಸ್ತಿ ಬಣ್ಣದವು. ಅಮ್ಮ ಇವತ್ತಿಗೂ ಅವನ್ನು ಪ್ಲೇಟು ಎಂದೇ ಕರೆಯುತ್ತಾರೆ. ಬಿಳಿಯ ಮೇಲೆ ಕೆಂಪು ಸಿಡಿದ ಒಂದನ್ನು ನೋಡಿ, 'ಓಕುಳಿ ಎರಚಿದ ಹಾಗಿದೆಯಲ್ಲೋ, ಇದರಲ್ಲೂ ಹಾಡು ಬರುತ್ತಾ?' ಎಂದು ಕೇಳಿದ್ದರು. ಬಂದ ಹಾಡು ಕೇಳಿ ಎದ್ದು ಹೋದರು, ಅದು ಬೇರೆ ಮಾತು.

ವಿನೈಲ್ ಹುಟ್ಟಿನಿಂದ ಕಪ್ಪಲ್ಲ. ಅದು ಪಿವಿಸಿ, ನಮ್ಮ ಮನೆಯ ನೀರಿನ ಪೈಪಿನ ಜಾತಿಯದೇ, ತನ್ನಷ್ಟಕ್ಕೆ ಬಣ್ಣವಿಲ್ಲದ್ದು. ಕಪ್ಪು ಬರುವುದು ಕಾರ್ಬನ್ ಬ್ಲ್ಯಾಕ್ ಎಂಬ ಮಸಿ ಬೆರೆಸುವುದರಿಂದ. ಮಸಿ ಬೆರೆಸಿದರೆ ತಟ್ಟೆ ಗಟ್ಟಿಯಾಗುತ್ತದೆ, ಹಳೇ ಮಾಲು ಕರಗಿಸಿ ಸೇರಿಸಿದ್ದರೂ ಕಣ್ಣಿಗೆ ಕಾಣುವುದಿಲ್ಲ. ಬಣ್ಣದ ರೆಕಾರ್ಡ್ ಇವತ್ತಿನ ಶೋಕಿಯೂ ಅಲ್ಲ. 1949ರಲ್ಲಿ ಅಮೆರಿಕದ ಆರ್‌ಸಿಎ ವಿಕ್ಟರ್ ಕಂಪನಿ ನಿಮಿಷಕ್ಕೆ 45 ಸುತ್ತು ತಿರುಗುವ ಏಳು ಇಂಚಿನ ರೆಕಾರ್ಡ್ ತಂದಾಗಲೇ ಶಾಸ್ತ್ರೀಯಕ್ಕೆ ಕೆಂಪು, ಕಂಟ್ರಿ ಎಂಬ ಹಳ್ಳಿಗಾಡಿನ ಹಾಡಿಗೆ ಹಸಿರು, ಮಕ್ಕಳ ಹಾಡಿಗೆ ಹಳದಿ ಎಂದು ಹಂಚಿತ್ತು.

ಕಾರ್ಖಾನೆಯಲ್ಲಿ ಪಿವಿಸಿ ಕಾಳನ್ನು ಕಾಯಿಸಿ ಮುದ್ದೆ ಮಾಡುತ್ತಾರೆ, ಹೆಚ್ಚುಕಮ್ಮಿ ನಮ್ಮ ರಾಗಿ ಮುದ್ದೆಯ ಹಾಗೇ. ಅದನ್ನು ಎರಡು ನಿಕಲ್ ಅಚ್ಚುಗಳ ನಡುವೆ ಇಟ್ಟು, ಹಬೆಯ ಬಿಸಿಯಲ್ಲಿ ಸುಮಾರು 100 ಟನ್ ಭಾರ ಹಾಕಿ ಒತ್ತಿ, ತಣ್ಣೀರು ಹರಿಸಿ ಆರಿಸುತ್ತಾರೆ. ಓಕುಳಿ ಥರದ್ದು, ಅಂದರೆ ಸ್ಪ್ಲಾಟರ್ ಬೇಕಾದರೆ ಒತ್ತುವ ಮುಂಚೆ ಮುದ್ದೆಯ ಮೇಲೆ ಬೇರೆ ಬಣ್ಣದ ಕಾಳು ಉದುರಿಸುತ್ತಾರೆ. ಎರಡು ಬಣ್ಣದ ಮಾಲು ಒಂದೇ ಹದದಲ್ಲಿ ಕರಗದಿದ್ದರೆ ಅವು ಸೇರುವ ಕಡೆ ಸ್ವಲ್ಪ ಚರಚರ ಬರಬಹುದು. ಬಣ್ಣದ್ದು ಕೆಡುತ್ತದೆ ಎಂಬ ಮಾತು ಹುಟ್ಟಿದ್ದು ಬಹುಶಃ ಇಂಥವುಗಳಿಂದಲೇ.

ನನ್ನ ಕಿವಿಯ ಲೆಕ್ಕ ಹೇಳುತ್ತೇನೆ. ಒಂದೇ ಬಣ್ಣದ ತಟ್ಟೆಗೂ ಕಪ್ಪಿಗೂ ವ್ಯತ್ಯಾಸ ನನಗಂತೂ ತಿಳಿದಿಲ್ಲ, ಬಣ್ಣದ ಗಾಜಿನ ಹಾಗೆ ಆಚೆ ಕಾಣುವಂಥದ್ದೂ ಹಾಗೇ. ಸ್ಪ್ಲಾಟರ್ ಅದೃಷ್ಟದ ಆಟ. ಕತ್ತಲಲ್ಲಿ ಹೊಳೆಯುವ ತಟ್ಟೆ ತಗೊಳ್ಳಬೇಡಿ, ಹೊಳೆಯಲೆಂದು ಬೆರೆಸಿದ ಪುಡಿಯೇ ಹಿಂದೆ ಉಸ್ ಅನ್ನುತ್ತಿರುತ್ತದೆ. ಪಿಕ್ಚರ್ ಡಿಸ್ಕ್ ಎಲ್ಲಕ್ಕಿಂತ ಕಡೆ, ಚಿತ್ರದ ಕಾಗದದ ಮೇಲೆ ತೆಳ್ಳಗಿನ ಪ್ಲಾಸ್ಟಿಕ್ ಪದರ, ಹಾಡು ಕೂತಿರುವುದು ಅದರಲ್ಲಿ, ಹಾಗಾಗಿ ಗೋಡೆಗೆ ತೂಗುಹಾಕಲು ಮಾತ್ರ ಸರಿ. ಇನ್ನೊಂದು, ಬ್ಲಾಸ್ಟ್ ಬೀಟ್, ಅಂದರೆ ಡ್ರಮ್ಮಿನ ಬಿರುಸು ಹೊಡೆತ ಬಡಿಯುತ್ತಿರುವಾಗ ಚರಚರ ಕೇಳಿಸಿಕೊಳ್ಳುವ ಕಿವಿ ಯಾರಿಗಿದೆ ಹೇಳಿ. ಡೂಮ್ ಎಂಬ ನಿಧಾನದ ಮೆಟಲ್ ಕೇಳುವವರಿಗೆ ಮಾತ್ರ ಅದು ಕಾಟ. (ಡೂಮ್ ಅಂದಾಗ ನೆನಪಾಯಿತು, ಬೆಂಗಳೂರಲ್ಲಿ ಬೆವರ್ ಸೀ ಎಂಬ ಬ್ಯಾಂಡ್ ಇದೆ. ಹೆಸರನ್ನು ಬೇಗ ಹೇಳಿ ನೋಡಿ, ನಮ್ಮ ಬೈಗುಳವೇ. ಇಂಥ ಹೆಸರಿಟ್ಟವರ ಮೇಲೆ ನನಗೆ ಬಲು ಪ್ರೀತಿ.)

ಬಣ್ಣದ ತಟ್ಟೆಯ ನಿಜವಾದ ಕಷ್ಟ ಯಾರೂ ಹೇಳುವುದಿಲ್ಲ. ಕಪ್ಪಿನಲ್ಲಿ ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವ ಗೆರೆ ಬೆಳಕಿಗೆ ಪಳಪಳ ಕಾಣುತ್ತದೆ. ಪೂರ್ತಿ ಆಚೆ ಕಾಣುವ ತಟ್ಟೆಯಲ್ಲಿ ಆ ಗೆರೆ ಸಿಗುವುದೇ ಇಲ್ಲ, ಮೂರನೇ ಹಾಡಿಗೆ ಮುಳ್ಳು ಇಡಲು ಹೋಗಿ ಎರಡನೇ ಹಾಡಿನ ಕೊನೆಗೆ ಬಿಟ್ಟಿರುತ್ತೀರಿ. ಗೀರೂ ಕಾಣುವುದಿಲ್ಲ. ಸೆಕೆಂಡ್ ಹ್ಯಾಂಡ್ ತಗೊಳ್ಳುವಾಗ ಫೋಟೋ ನಂಬಿ ಮೋಸ ಹೋಗುವುದು ಇಂಥದ್ದರಲ್ಲೇ.

ಬಣ್ಣಕ್ಕಿಂತ ನೋಡಬೇಕಾದದ್ದು ಒಂದು ಬದಿಗೆ ಎಷ್ಟು ನಿಮಿಷ ತುಂಬಿದ್ದಾರೆ ಎಂಬುದು. ಹನ್ನೆರಡು ಇಂಚಿನ ಎಲ್‌ಪಿಯಲ್ಲಿ ಬದಿಗೆ 22 ನಿಮಿಷ ದಾಟಿದರೆ ಗೆರೆಗಳನ್ನು ಒತ್ತೊತ್ತಾಗಿ ಕೊರೆಯಬೇಕು, ಶಬ್ದ ತಗ್ಗುತ್ತದೆ, ಬೇಸ್ ಸೊರಗುತ್ತದೆ. ಉದ್ದುದ್ದ ಹಾಡಿನ ಮೆಟಲ್ ಬ್ಯಾಂಡ್‌ಗಳು ಎರಡು ತಟ್ಟೆ ಹಾಕುವುದು ಸುಮ್ನೆ ಅಲ್ಲ. ಹಾರ್ಡ್‌ಕೋರಿಗೆ ಈ ತಾಪತ್ರಯ ಇಲ್ಲ. ಒಂದೊಂದು ಹಾಡು ಒಂದೂವರೆ ನಿಮಿಷ, ಏಳು ಇಂಚಿನಲ್ಲಿ ಆರೇಳು ಹಾಡು ಆರಾಮಾಗಿ ಕೂರುತ್ತವೆ.

ಹಾರ್ಡ್‌ಕೋರಿನಲ್ಲಿ ಬಣ್ಣಕ್ಕೆ ಬೇರೆ ಅರ್ಥವೂ ಇದೆ, ನನ್ನ ಮಟ್ಟಿಗೆ ಈ ಹುಚ್ಚಿನ ರುಚಿ ಇರುವುದೇ ಅಲ್ಲಿ. ವಾಷಿಂಗ್ಟನ್‌ನ ಡಿಸ್ಕಾರ್ಡ್ 1980ರಲ್ಲಿ, ರೆವಲೇಶನ್ 1987ರಲ್ಲಿ ಹುಟ್ಟಿದ ಲೇಬಲ್‌ಗಳು, ಅಂದರೆ ರೆಕಾರ್ಡ್ ಹೊರತರುವ ಕಂಪನಿಗಳು, ಎರಡನ್ನೂ ಶುರು ಮಾಡಿದ್ದು ಹುಡುಗರೇ. ಇಂಥ ಸಣ್ಣ ಲೇಬಲ್‌ಗಳಲ್ಲಿ ಕೆಲವು ನೂರು ತಟ್ಟೆ ಒಂದು ಬಣ್ಣದಲ್ಲಿ, ಉಳಿದದ್ದು ಕಪ್ಪಲ್ಲಿ, ಖರ್ಚಾದರೆ ಮತ್ತೆ ಒತ್ತುವಾಗ ಇನ್ನೊಂದು ಬಣ್ಣದಲ್ಲಿ ಮಾಡುವ ರೂಢಿ ಬೆಳೆಯಿತು. ಹಾಗಾಗಿ ಬಣ್ಣ ನೋಡಿದರೆ ಅದು ಯಾವ ಬಾರಿಯ ಒತ್ತು ಎಂದು ಹೇಳಬಹುದು. ನ್ಯೂಯಾರ್ಕಿನ ಜಡ್ಜ್ ಬ್ಯಾಂಡಿನದು ಪ್ರಸಿದ್ಧ ಕಥೆ. 1989ರಲ್ಲಿ ಅವರ ಮೊದಲ ಆಲ್ಬಮ್ಮಿನ ರೆಕಾರ್ಡಿಂಗ್ ಅವರಿಗೇ ಹಿಡಿಸಲಿಲ್ಲ, ಬಿಸಾಕಿ ಹೊಸದಾಗಿ ಮಾಡಿದರು. ಬಿಟ್ಟುಹಾಕಿದ ರೆಕಾರ್ಡಿಂಗನ್ನು ರೆವಲೇಶನ್ 110 ಬಿಳಿ ತಟ್ಟೆಗಳಲ್ಲಿ ಮಾತ್ರ ಒತ್ತಿತು. ಈಗ ಅದರ ಬೆಲೆ ಕೇಳಿದರೆ ನಮ್ಮ ಕಡೆ ಒಂದು ಬೈಕ್ ನೆನಪಾಗುತ್ತದೆ.

ಈಗ ಇದೇ ರೂಢಿ ವ್ಯಾಪಾರವಾಗಿದೆ. ಒಂದೇ ಆಲ್ಬಮ್ ಎಂಟು ಹತ್ತು ಬಣ್ಣದಲ್ಲಿ ಒಂದೇ ದಿನ ಬರುತ್ತದೆ, ಎಲ್ಲದರ ಮೇಲೂ 'ಸೀಮಿತ' ಎಂಬ ಚೀಟಿ. ಮೊದಲ ಎರಡು ವರ್ಷ ನಾನೂ ಇದರಲ್ಲಿ ಬಿದ್ದು, ಒಂದೇ ಆಲ್ಬಮ್ ಮೂರು ಬಣ್ಣದಲ್ಲಿ ತಗೊಂಡೆ. ಎರಡನ್ನು ಇನ್ನೂ ಒಮ್ಮೆಯೂ ಹಾಕಿಲ್ಲ. ನೀವು ಹಾಗೆ ಮಾಡಬೇಡಿ. ಕೇಳುವ ಆಲ್ಬಮ್ ಮಾತ್ರ ತಗೊಳ್ಳಿ, ಬಣ್ಣ ಸಿಕ್ಕರೆ ಬಣ್ಣದ್ದು, ಕಪ್ಪು ಅಗ್ಗವಾದರೆ ಕಪ್ಪು. ತಗೊಳ್ಳುವ ಮುಂಚೆ ರೆಕಾರ್ಡುಗಳ ವಿವರ ಸಿಗುವ ಡಿಸ್ಕಾಗ್ಸ್ ವೆಬ್‌ಸೈಟಿನಲ್ಲಿ ಆ ಬಣ್ಣದ್ದು ಎಷ್ಟು ಒತ್ತಿದ್ದಾರೆ ನೋಡಿ, ತಟ್ಟೆಯ ನಡುವಿನ ಚೀಟಿಯ ಸುತ್ತ, ಹಾಡು ಮುಗಿದು ಮುಳ್ಳು ನಿಲ್ಲುವ ಜಾಗದಲ್ಲಿ ಕೊರೆದಿರುವ ನಂಬರನ್ನು ಹೋಲಿಸಿ. ಹೊರದೇಶದಿಂದ ತರಿಸಿದರೆ ಅಂಚೆ ಖರ್ಚು, ಕಸ್ಟಮ್ಸ್ ಸೇರಿ ರೆಕಾರ್ಡಿನಷ್ಟೇ ಬೀಳುತ್ತದೆ, ನನಗೆ 25 ಡಾಲರಿನದು 4,500 ರೂಪಾಯಿ ಹತ್ತಿರ ಬಿದ್ದದ್ದುಂಟು. ನಾಲ್ಕು ಜನ ಸೇರಿ ಒಟ್ಟಿಗೆ ತರಿಸಿ. ಹಾಸನದಲ್ಲಿ ನಾಲ್ಕು ಜನ ಸಿಗದಿದ್ದರೆ ಚಿಕ್ಕಮಗಳೂರಿನವರನ್ನೂ ಸೇರಿಸಿಕೊಳ್ಳಿ, ಅರವತ್ತು ಕಿಲೋಮೀಟರ್ ಅಷ್ಟೇ ಅಲ್ವಾ.

ಇನ್ನು ಆ ದೊಡ್ಡ ತಲೆನೋವು. ಮಳೆ. ಜೂನ್ ಬಂತೆಂದರೆ ನಮ್ಮಲ್ಲಿ ಚಪ್ಪಲಿಗೆ, ಬೆಲ್ಟಿಗೆ, ದೇವರ ಮನೆಯ ಪುಸ್ತಕಕ್ಕೆ ಎಲ್ಲಕ್ಕೂ ಬೂಷ್ಟು. ರೆಕಾರ್ಡಿನ ರಟ್ಟಿನ ಕವರ್ ಅದಕ್ಕೆ ಹಬ್ಬದೂಟ. ನಿಮ್ಮ ಬಡವರ ಊಟಿಯಲ್ಲಿ ನಮ್ಮಷ್ಟು ಮಳೆ ಇಲ್ಲ, ಆದರೂ ಹುಷಾರು. ಹೊರಗೋಡೆಗೆ ಆನಿಸಿ ಇಡಬೇಡಿ, ನೆಟ್ಟಗೆ ನಿಲ್ಲಿಸಿ, ಬೆರಳು ತಟ್ಟೆಯ ಅಂಚಿಗೆ ಮಾತ್ರ ತಾಗಲಿ. ಮೇಲೆ ಹಾಕುವ ಕವರ್ ದಪ್ಪ ಮೆತ್ತನೆಯ ಪಿವಿಸಿಯದು ಬೇಡ, ಅದು ವರ್ಷಗಟ್ಟಲೆ ಒತ್ತಿಕೊಂಡಿದ್ದರೆ ತಟ್ಟೆಯ ಮೇಲೆ ಮಂಜಿನಂಥ ಕಲೆ ಕೂರುತ್ತದೆ, ತೊಳೆದರೂ ಹೋಗುವುದಿಲ್ಲ. ಪಾಲಿಥೀನ್ ಕವರ್ ಸಾಕು. ಸಿಲಿಕಾ ಜೆಲ್ ಪೊಟ್ಟಣ ಇಟ್ಟರೆ ಒಳ್ಳೆಯದು, ತಿಂಗಳಿಗೊಮ್ಮೆ ಬದಲಾಯಿಸಿ.

ನಾನು ಇದೆಲ್ಲ ಕಲಿಯುವ ಮುಂಚೆ ಒಂದು ಮಳೆಗಾಲದಲ್ಲಿ ಬುದ್ಧಿ ಉಪಯೋಗಿಸಿದ್ದೆ. ನಮ್ಮ ಕಡೆ ಬಟ್ಟೆ ಬೀರುವಿನಲ್ಲಿ ಬಲ್ಬ್ ಉರಿಸಿ ಇಡುತ್ತಾರಲ್ಲ, ಅದೇ ಉಪಾಯ ರೆಕಾರ್ಡಿನ ಬೀರುವಿಗೂ ಮಾಡಿದೆ. ಬೂಷ್ಟು ಬರಲಿಲ್ಲ. ಬಲ್ಬಿನ ಪಕ್ಕದಲ್ಲಿದ್ದ ತಟ್ಟೆ, ಆಗ ನನ್ನ ಹತ್ತಿರ ಇದ್ದದ್ದರಲ್ಲೇ ಚೆಂದದ್ದು, ರಕ್ತಗೆಂಪು, ಹಪ್ಪಳದ ಹಾಗೆ ಸೊಟ್ಟಗಾಯಿತು. ಗಾಜಿನ ಹಲಗೆಗಳ ನಡುವೆ ಇಟ್ಟು ಪುಸ್ತಕ ಹೇರಿದರೂ ಪೂರ್ತಿ ಸರಿಹೋಗಲಿಲ್ಲ. ಸೊಟ್ಟ ಇರುವುದು ಹೊರಅಂಚಿನಲ್ಲಿ ಜಾಸ್ತಿ. ಹಾಗಾಗಿ ಮೊದಲ ಹಾಡು ಬಿಟ್ಟು ಎರಡನೆಯದರಿಂದ ಹಾಕಿಕೊಂಡು ಕೇಳುತ್ತೇನೆ.