ಹೋಗುವ ನೀರಿನ ಡಿಗ್ರಿ ಆಮೇಲೆ, ಮೊದಲು ವಾಪಸು ಬರುವ ನೀರನ್ನು ನೋಡಿ

ನೀವು ಬರೆದಿರುವುದನ್ನೇ ನಾನೂ ಒಮ್ಮೆ ವರದಿಯೊಂದರಲ್ಲಿ ಬರೆದು ಸಹಿ ಹಾಕಿದ್ದೆ. ಡಿಸ್ಟ್ರಿಕ್ಟ್ ಹೀಟಿಂಗ್ ಜಾಲದ (ಒಂದೇ ಸ್ಥಾವರದಲ್ಲಿ ಕಾಯಿಸಿದ ನೀರು ಕೊಳವೆಗಳಲ್ಲಿ ಊರಿನ ಮನೆಗಳಿಗೆ ಹೋಗಿ, ಶಾಖ ಕೊಟ್ಟು ಮರಳುವ ವ್ಯವಸ್ಥೆ) ನೀರನ್ನು 80 ಡಿಗ್ರಿಯಿಂದ 55ಕ್ಕೆ ಇಳಿಸಬೇಕು, ಅದಕ್ಕೆ ಮೊದಲು ಮನೆಗಳ ರೇಡಿಯೇಟರ್ (ಕೋಣೆ ಬಿಸಿಮಾಡುವ ಫಲಕ) ಬದಲಿಸುವುದೋ ಸ್ಥಾವರದ ಪಂಪ್ ಬದಲಿಸುವುದೋ ಎಂದು ಕೇಳಿದ್ದೀರಿ. ಎರಡೂ ಬೇಡ. ನಾನು ಪಂಪ್ ಬದಲಿಸಿ ಕೈ ಸುಟ್ಟುಕೊಂಡವನು.

ಆಗ ನಾನು ಚಳಿ ದೇಶದ ಸಣ್ಣ ಪಟ್ಟಣವೊಂದರ ಜಾಲದಲ್ಲಿ ಎಂಜಿನಿಯರ್ ಆಗಿದ್ದೆ. ಉಷ್ಣತೆ ಇಳಿಸಿದರೆ ಲಾಭವೇನು ಎಂದು ಆ ವರದಿಯಲ್ಲಿ ನಾನು ಹಾಕಿದ್ದ ಲೆಕ್ಕದಲ್ಲಿ ತಪ್ಪೇನೂ ಇರಲಿಲ್ಲ. 80ರಲ್ಲಿ ಹೋಗಿ 40ರಲ್ಲಿ ಮರಳುವ ಜಾಲದ ಸರಾಸರಿ 60. ಸುತ್ತಲಿನ ಮಣ್ಣು 8 ಡಿಗ್ರಿ ಇದ್ದರೆ ಅಂತರ 52. ಅದೇ ಜಾಲ 55ರಲ್ಲಿ ಹೋಗಿ 25ರಲ್ಲಿ ಮರಳಿದರೆ ಅಂತರ 32. ಕೊಳವೆಯಿಂದ ಮಣ್ಣಿಗೆ ಸೋರುವ ಶಾಖ ಹತ್ತಿರ ಹತ್ತಿರ ಶೇ 40ರಷ್ಟು ಕಡಿಮೆ. ತಣ್ಣನೆಯ ಮೂಲದಿಂದ ಶಾಖ ಎತ್ತಿ ಬಿಸಿನೀರಿಗೆ ಸೇರಿಸುವ ವಿದ್ಯುತ್ ಯಂತ್ರವಾದ ಹೀಟ್ ಪಂಪ್‌ನ ಲಾಭ ಇನ್ನೂ ದೊಡ್ಡದು. 10 ಡಿಗ್ರಿಯ ನೀರಿನಿಂದ ಶಾಖ ಎತ್ತಿ 80ಕ್ಕೆ ಏರಿಸಬೇಕಾದರೆ ಒಂದು ಯೂನಿಟ್ ವಿದ್ಯುತ್ತಿಗೆ ಸಿದ್ಧಾಂತದ ಗರಿಷ್ಠ ಮಿತಿ ಸುಮಾರು 5 ಯೂನಿಟ್ ಶಾಖ; 55 ಸಾಕೆಂದರೆ 7ಕ್ಕೂ ಹೆಚ್ಚು. ವಾಸ್ತವದಲ್ಲಿ ಅದರ ಅರ್ಧದಷ್ಟು ಸಿಕ್ಕರೂ ಪುಣ್ಯ, ಆದರೆ ಅನುಪಾತ ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ. ಡೆನ್ಮಾರ್ಕಿನ ಓಡೆನ್ಸೆಯಲ್ಲಿ ಡೇಟಾ ಸೆಂಟರ್‌ನ ಬಿಸಿಗಾಳಿಯ ಶಾಖವನ್ನೇ ಹೀಟ್ ಪಂಪ್‌ನಿಂದ ಮೇಲೆತ್ತಿ ಊರಿನ ಮನೆಗಳಿಗೆ ಕೊಡುತ್ತಾರೆ. ಇಂಥ ಕಡೆ ಒಂದೊಂದು ಡಿಗ್ರಿಗೂ ಬೆಲೆಯಿದೆ.

ಹಾಗಾಗಿ ಚಳಿಗಾಲ ಶುರುವಾಗುತ್ತಿದ್ದಂತೆ 80 ಇದ್ದದ್ದನ್ನು 65ಕ್ಕೆ ಇಳಿಸಿದೆ. ವಾಪಸು ನೀರೂ ಅದೇ ಪ್ರಮಾಣದಲ್ಲಿ ತಣ್ಣಗಾಗುತ್ತದೆ ಎಂದು ಎಣಿಸಿದ್ದೆ. ಅದು 47ರಲ್ಲೇ ನಿಂತಿತು. ಹೋಗುವ ನೀರಿಗೂ ವಾಪಸು ನೀರಿಗೂ ಮೊದಲು 33 ಡಿಗ್ರಿ ಇದ್ದ ಅಂತರ 18ಕ್ಕೆ ಕುಸಿಯಿತು. ಅಷ್ಟೇ ಶಾಖ ತಲುಪಿಸಲು ಈಗ ಸುಮಾರು 1.8 ಪಟ್ಟು ನೀರು ಹರಿಯಬೇಕು. ಕೊಳವೆ ಅದೇ ಇರುವಾಗ ಪಂಪ್ ಕುಡಿಯುವ ವಿದ್ಯುತ್ತು ಹರಿವಿನ ಘನಕ್ಕೆ ಅನುಗುಣವಾಗಿ ಏರುತ್ತದೆ, ಅಂದರೆ ಸುಮಾರು ಆರು ಪಟ್ಟು. ನಮ್ಮ ಪಂಪ್‌ಗಳಿಗೆ ಆ ತಾಕತ್ತು ಇರಲಿಲ್ಲ. ಜಾಲದ ತುದಿಯ ಮನೆಗಳು ತಣ್ಣಗಾದವು, ಕಚೇರಿಯ ಫೋನು ಕಾದಿತು.

ನಾನು ಎಡವಿದ್ದು ಇಲ್ಲಿ, ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ. ಸ್ಥಾವರದಲ್ಲಿದ್ದ ಒಂದೇ ಒಂದು ಥರ್ಮಾಮೀಟರ್ ತೋರಿಸಿದ 47ನ್ನು ನಾನು ‘ಸಾಮಾನ್ಯ ಮನೆ’ಯ ಅಂಕಿ ಎಂದು ಓದಿಕೊಂಡೆ. ಎಲ್ಲ ಮನೆಗಳೂ ಸ್ವಲ್ಪ ಸ್ವಲ್ಪ ಕೆಟ್ಟಿವೆ, ಆದ್ದರಿಂದ ನೀರು ಹೆಚ್ಚಿಸುವುದೇ ದಾರಿ ಎಂದು ತೀರ್ಮಾನಿಸಿದೆ. ನೂರು ಮನೆಗಳ ಜಾಲ ಎಂದುಕೊಳ್ಳಿ, ಎಲ್ಲಕ್ಕೂ ಒಂದೇ ಪ್ರಮಾಣದ ಶಾಖ ಬೇಕು, 80 ಡಿಗ್ರಿಯ ನೀರು ಹೋಗುತ್ತಿದೆ. 90 ಮನೆಗಳು ನೀರನ್ನು 35ಕ್ಕೆ ಇಳಿಸಿ ಕಳಿಸುತ್ತವೆ. ಹತ್ತು ಮನೆಗಳು ಮಾತ್ರ 70ರಲ್ಲೇ ಕಳಿಸುತ್ತವೆ. ಈ ಹತ್ತರಲ್ಲಿ ಪ್ರತಿಯೊಂದೂ ಉಳಿದವುಗಳ ನಾಲ್ಕೂವರೆ ಪಟ್ಟು ನೀರು ಎಳೆಯುತ್ತದೆ. ಇಡೀ ಜಾಲದ ನೀರಿನ ಮೂರನೆಯ ಒಂದು ಪಾಲು ಇವುಗಳ ಹೊಟ್ಟೆಗೇ ಹೋಗುತ್ತದೆ. ಸ್ಥಾವರದಲ್ಲಿ ಎಲ್ಲವೂ ಬೆರೆತು 47 ಎಂದು ಕಾಣುತ್ತದೆ. ಆ 47 ಡಿಗ್ರಿಯ ಮನೆ ಊರಿನಲ್ಲಿ ಎಲ್ಲಿಯೂ ಇಲ್ಲ! ನಾನು ಚಿಕಿತ್ಸೆ ಕೊಟ್ಟದ್ದು ಇಲ್ಲದ ಮನೆಗೆ.

ದುರಸ್ತಿಗೆಂದು ಇಟ್ಟಿದ್ದ ಹಣವನ್ನೆಲ್ಲ ದೊಡ್ಡ ಪಂಪಿಗೆ ಸುರಿದೆ. ಒತ್ತಡ ಏರಿತು. ಏರಿದ ಒತ್ತಡ ಮೊದಲು ನುಗ್ಗಿದ್ದು ಸುಮ್ಮನೆ ತೆರೆದುಕೊಂಡಿದ್ದ ಕವಾಟಗಳ ಮೂಲಕ. ವಾಪಸು ನೀರು ಇನ್ನಷ್ಟು ಬಿಸಿಯಾಯಿತು.

ಹಿರಿಯ ತಂತ್ರಜ್ಞರೊಬ್ಬರು ನನ್ನನ್ನು ಒಂದು ಅಪಾರ್ಟ್‌ಮೆಂಟಿನ ನೆಲಮಾಳಿಗೆಗೆ ಕರೆದುಕೊಂಡು ಹೋಗಿ, ಮಾತಿಲ್ಲದೆ ನನ್ನ ಎರಡೂ ಕೈಗಳನ್ನು ಎರಡು ಕೊಳವೆಗಳ ಮೇಲೆ ಇಡಿಸಿದರು. ಒಂದು ಒಳಬರುವುದು, ಇನ್ನೊಂದು ಹೊರಹೋಗುವುದು. ಎರಡರ ಮೇಲೂ ಕೈ ನಿಲ್ಲಲಿಲ್ಲ. ಜಾಲದ ನೀರಿನ ಶಾಖವನ್ನು ಕಟ್ಟಡದ ನೀರಿಗೆ ದಾಟಿಸುವ ಶಾಖ ವಿನಿಮಯಕದ ಹಿಂದೆ ಬೆರಳು ದಪ್ಪದ ಅಡ್ಡಕೊಳವೆ. ಅದರ ಕವಾಟದ ಕೆಂಪು ಹಿಡಿ ಕೊಳವೆಗೆ ಸಮಾನಾಂತರವಾಗಿ ನಿಂತಿತ್ತು, ಅಂದರೆ ಪೂರ್ತಿ ತೆರೆದಿತ್ತು. ಬಿಸಿನೀರು ಕಟ್ಟಡದೊಳಗೆ ಕಾಲಿಡದೆ ಅಲ್ಲಿಂದಲೇ ಹಿಂತಿರುಗುತ್ತಿತ್ತು. ಕಟ್ಟಡ ನೋಡಿಕೊಳ್ಳುವವರನ್ನು ಕೇಳಿದರೆ, “ನಾನೇ ತೆರೆದದ್ದು ಸಾರ್, ಮೇಲಿನ ಮಹಡಿಯವರಿಗೆ ಬೆಳಗ್ಗೆ ನೀರು ಬೇಗ ಬಿಸಿಯಾಗಲಿ ಅಂತ” ಎಂದರು. ಪಾಪ, ಅವರ ಮಟ್ಟಿಗೆ ಅದು ಕೆಲಸ ಮಾಡಿತ್ತು ಕೂಡ.

ಆದ್ದರಿಂದ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪುವುದಿಲ್ಲ. 55 ಎನ್ನುವುದು ಗುರಿಯಲ್ಲ. ವಾಪಸು ನೀರು ತಣ್ಣಗಾದರೆ ಹೋಗುವ ನೀರನ್ನು ಇಳಿಸುವ ಅವಕಾಶ ತಾನಾಗಿ ಸಿಗುತ್ತದೆ. ವರ್ಷವಿಡೀ ಒಂದೇ ಡಿಗ್ರಿ ಇಡಬೇಕೆಂಬ ಹಟವೂ ಬೇಡ. ಅತಿ ಚಳಿಯ ಕೆಲವು ದಿನ 70ಕ್ಕೆ ಏರಿಸಿದರೆ ಯಾರೂ ನಿಮ್ಮನ್ನು ಗಲ್ಲಿಗೇರಿಸುವುದಿಲ್ಲ. ರೇಡಿಯೇಟರ್‌ಗಳ ಭಯವೂ ಅರ್ಧ ಸುಳ್ಳು. 75/65ಕ್ಕೆ (ಒಳಬರುವ ನೀರು 75, ಹೊರಹೋಗುವುದು 65) ಅಳತೆ ಮಾಡಿದ ರೇಡಿಯೇಟರ್ 55/35ರಲ್ಲಿ ಸುಮಾರು ಶೇ 38ರಷ್ಟು ಶಾಖ ಕೊಡುತ್ತದೆ ಎಂಬುದು ನಿಜ. ಆದರೆ ಅವನ್ನು ಕೂರಿಸಿದ್ದು ಹಳೆಯ ಕಿಟಕಿಗಳ ಕಾಲದಲ್ಲಿ, ಅತಿ ಚಳಿಯ ದಿನಕ್ಕೆಂದು, ಮೇಲೆ ಒಂದಿಷ್ಟು ಧಾರಾಳವಾಗಿ. ಕಿಟಕಿ ಬದಲಾದ ಮನೆಗಳಲ್ಲಿ ವರ್ಷದ ಬಹುಪಾಲು ದಿನ ಅಷ್ಟೇ ಸಾಕು.

ನಿಜವಾಗಿ ಹೆದರಬೇಕಾದದ್ದು ಬಿಸಿನೀರಿನ ಟ್ಯಾಂಕ್‌ಗಳಿಗೆ. ನ್ಯುಮೋನಿಯಾ ತರುವ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ 25ರಿಂದ 45 ಡಿಗ್ರಿಯ ನಿಂತ ನೀರಿನಲ್ಲಿ ಹುಲುಸಾಗಿ ಬೆಳೆಯುತ್ತದೆ, ಅದಕ್ಕಾಗಿಯೇ ಟ್ಯಾಂಕನ್ನು 60ರಲ್ಲಿ ಇಡುವುದು. 55ರ ಜಾಲದಿಂದ ಅದು ಆಗದ ಮಾತು. ಟ್ಯಾಂಕ್ ತೆಗೆದು, ಪ್ರತಿ ಮನೆಯಲ್ಲೂ ಆಗಿಂದಾಗಲೇ ನೀರು ಕಾಯಿಸುವ ಶಾಖ ವಿನಿಮಯಕ ಹಾಕಿ. ಅಲ್ಲಿಂದ ನಲ್ಲಿಯವರೆಗಿನ ಕೊಳವೆಯಲ್ಲಿ 3 ಲೀಟರ್‌ಗಿಂತ ಹೆಚ್ಚು ನೀರು ಹಿಡಿಯಬಾರದು ಎಂಬುದು ಜರ್ಮನಿಯಲ್ಲಿ ಬಳಕೆಯಲ್ಲಿರುವ ಅಳತೆ. ಹಣ ಖರ್ಚು ಮಾಡಲೇಬೇಕೆಂದಿದ್ದರೆ ಇದಕ್ಕೆ ಮಾಡಿ.

ಅದಕ್ಕೂ ಮೊದಲಿನ ಕೆಲಸಕ್ಕೆ ಖರ್ಚೇ ಇಲ್ಲ. ಪ್ರತಿ ಮನೆಯ ಶಾಖದ ಮೀಟರ್‌ನಲ್ಲಿ ಎಷ್ಟು ನೀರು ಹರಿಯಿತು, ಎಷ್ಟು ಶಾಖ ಇಳಿಯಿತು ಎರಡೂ ದಾಖಲಾಗಿರುತ್ತವೆ. ನೀರಿನ ಅಂಕಿಯನ್ನು ಶಾಖದ ಅಂಕಿಯಿಂದ ಭಾಗಿಸಿ. 45 ಡಿಗ್ರಿ ತಣಿಸುವ ಮನೆಗೆ ಒಂದು ಮೆಗಾವಾಟ್ ಗಂಟೆ ಶಾಖಕ್ಕೆ 19 ಘನ ಮೀಟರ್ ನೀರು ಸಾಕು, 10 ಡಿಗ್ರಿ ಮಾತ್ರ ತಣಿಸುವ ಮನೆಗೆ 86 ಬೇಕು. ಪಟ್ಟಿಯನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ, ಮೇಲಿನ ಹೆಸರುಗಳ ನೆಲಮಾಳಿಗೆಗೆ ಟಾರ್ಚ್ ಹಿಡಿದು ಇಳಿಯಿರಿ. ಡೆನ್ಮಾರ್ಕಿನ ಹಲವು ಜಾಲಗಳು ನೀರನ್ನು ಚೆನ್ನಾಗಿ ತಣಿಸಿ ಕಳಿಸುವವರಿಗೆ ಬಿಲ್ಲಿನಲ್ಲಿ ರಿಯಾಯಿತಿ, ಬಿಸಿಯಾಗಿ ಕಳಿಸುವವರಿಗೆ ದಂಡ ಹಾಕುತ್ತವೆ. ನಿಮ್ಮವರೂ ಒಪ್ಪಿದರೆ ಕಟ್ಟಡದವರೇ ಕವಾಟ ಹುಡುಕಿಕೊಂಡು ಹೋಗುತ್ತಾರೆ.

ಅಂಕಿಗಳನ್ನು ಚಳಿಗಾಲದ ತಿಂಗಳಿನಿಂದಲೇ ತೆಗೆದುಕೊಳ್ಳಿ. ಬೇಸಿಗೆಯಲ್ಲಿ ಬಳಕೆ ತೀರಾ ಕಡಿಮೆ, ಕೊಳವೆ ತಣ್ಣಗಾಗದಿರಲೆಂದೇ ಒಂದಿಷ್ಟು ನೀರು ಸುಮ್ಮನೆ ಸುತ್ತುತ್ತಿರುತ್ತದೆ. ಆಗ ಒಳ್ಳೆಯ ಮನೆಯೂ ಕಳ್ಳನ ಪಟ್ಟಿಗೆ ಸೇರುತ್ತದೆ.